ಕಾಲಿನ ಸುದ್ದಿ, ಬೆರಳಿನ ಸುದ್ದಿ

ಕುರನೂರ
3 ಡಿಸೆಂಬರ್ 2023

ಅಕ್ಕನಾಗಮ್ಮಗ,

ಇಪ್ಪತ್ತು ವರ್ಷ ಒಂದೇ ಮನ್ಯಾಗ ಇದ್ದು ನಾ ನಿನಗ ಪತ್ರಾ ಬರೀತೀನಿ ಅಂತ ಯಾರರ ಅಂದಿದ್ರ ನಕ್ಕಿರ್ತಿದ್ದೆ. ಏನ ಮಾಡ್ಲಿ, ಫೋನ್ ಇರೂದು ಸ್ನೇಹಲ ಕೈಯಾಗ. ಮಗಳು ಮುಂದ ಕುಂತಾಗ ನಾ ಏನ ಕೇಳ್ಲಿ, ನೀ ಏನ ಹೇಳ್ತಿ? "ಛಲೋ ಅದ, ಊಟಾ ಮಾಡ್ರಿ" ಅಂತಿ, ಇಡ್ತಿ. ಇವತ್ತು ಅಕಿ ಅಕ್ಕಲಕೋಟಕ್ಕ ಗೆಳತಿ ಮನಿಗಿ ಹೋದ ಮ್ಯಾಲ ಅಕಿ ವಹಿಯಾಗಿಂದೇ ಹಾಳಿ ಹರಕೊಂಡೀನಿ. ಹನ್ನೆರಡನೇ ಇಯತ್ತಾ ಓದೂ ಹುಡುಗಿ, ಮರಾಠಿ ನೀರ ಕುಡದಂಗ ಓದ್ತಾಳ, ಕನ್ನಡ ಒಂದಕ್ಷರ ಓದಾಕ ಬರಂಗಿಲ್ಲ. ಈಗ ಅದೇ ನಮಗ ಛಲೋ ಆತು.

ಆಪರೇಶನ್ ಆಗಿ ಹದಿಮೂರು ದಿನ. ನನ್ನ ಸೋಲಾಪುರ ಸ್ಟ್ಯಾಂಡಿನಿಂದೇ ಪರತ ಕಳಿಸಿದಿ. "ಗಿರಿಜಾಬಾಯಿ ಅದಾಳ, ಅಕಿ ನನ್ನ ಚಿಕ್ಕವ್ವನ ಮಗಳು, ಪರಕೀ ಏನಲ್ಲ, ನೀವು ಕಬ್ಬಿನ ಕಡೆ ನೋಡ್ರಿ" ಅಂದಿ. ಕಾಲು ಕೊಯ್ಸಾಕ ಹೊಂಟಾಕಿ ಗಂಡನ್ನ ಸ್ಟ್ಯಾಂಡಿನಾಗ ಬಿಟ್ಟು ಹೋಗೂದು ನಾ ಎಲ್ಲೂ ನೋಡಿಲ್ಲ.

ಇನ್ನೊಂದು ತಿಳೀವಲ್ದು. ನೀ ಬಾವಿ ಮೆಟ್ಲ ಮ್ಯಾಲಿಂದ ಬಿದ್ದದ್ದು ಆರು ವರ್ಷದ ಹಿಂದ. ಅವತ್ತಿನಿಂದ ಬಲಗಾಲಿನ ಪಾದ ಜೋತು ಬಿದ್ದದ, ಚಪ್ಪಲಿ ಜಾರತದ, ಮೊಣಕಾಲು ಎತ್ತಿ ಎತ್ತಿ ನಡೀತಿ. ಬಿದ್ದು ಸತ್ತ ನರಕ್ಕ ಈಗ ಔಷಧ ಅದ ಅಂದ್ರ ಆವಾಗ ಯಾಕ ಇರ್ಲಿಲ್ಲ? ಊರಾಗ ಕೇಳ್ತಾರ, ನಾ ಏನೇನೋ ಹೇಳ್ತೀನಿ. ಒಬ್ಬರಿಗಿ ಹೇಳಿದ್ದು ಇನ್ನೊಬ್ಬರಿಗಿ ಹೇಳಿದ್ದಕ್ಕ ಕೂಡಂಗಿಲ್ಲ.

ಮುಂಜಾನೆ ನಾನೇ ರೊಟ್ಟಿ ಬಡೀತೀನಿ. ಹರೀತಾವ. ಒಂದು ರವಿವಾರ ಬರ್ಲೇನು?

ಕಲ್ಲಣ್ಣ


ಸೋಲಾಪುರ
12 ಡಿಸೆಂಬರ್ 2023

ಸ್ನೇಹಲನ ಅಪ್ಪಗ ಶರಣು.

ನಿಮ್ಮ ಪತ್ರಾ ಗಿರಿಜಾಬಾಯಿ ತಂದು ಕೊಟ್ಳು. ನಿಮ್ಮ ಅಕ್ಷರ ನಾ ಮದಿವಿ ಮುಂದ ಒಮ್ಮೆ ನೋಡಿದ್ದು, ಬಾಂಡೆ ಸಾಮಾನಿನ ಯಾದಿ ಮ್ಯಾಲ. ಈಗೂ ಹಂಗೇ ಅದ, ಎಲ್ಲಾ ಅಕ್ಷರ ಬಲಕ್ಕ ಬಾಗ್ಯಾವ.

ಡಾಕ್ಟರ್ ಚಿತ್ರಾ ತಗದು ತಿಳಿಸಿ ಹೇಳಿದ್ರು. ಪಾದ ಮ್ಯಾಲ ಎತ್ತೂ ನರ ಸತ್ತು ಹೋಗ್ಯಾವ, ಅವು ಇನ್ನ ಏಳಂಗಿಲ್ಲ. ಆದ್ರ ಪಾದ ಒಳಗ ಹೊರಳಸೂ ಸ್ನಾಯು ಜೀವಂತ ಅದ. ಅದರ ತುದಿಗಿ ಒಂದು ಗಟ್ಟಿ ಹುರಿ ಇರ್ತದ. ಆ ಹುರಿ ಬಿಚ್ಚಿ, ಕಾಲಿನ ಮುಂದಕ್ಕ ತಂದು, ಪಾದದ ಬೆನ್ನಿಗಿ ಹೊಲಿದಾರ. ಇನ್ನ ಮುಂದ ಒಳಗ ಎಳೀತಿದ್ದದ್ದು ಮ್ಯಾಲ ಎಳೀಬೇಕು. ಈಗ ಮೊಣಕಾಲಿನ ತನಕಾ ಪ್ಲಾಸ್ಟರ್ ಅದ. ನೆಲಕ್ಕ ಊರಂಗಿಲ್ಲ. ಪ್ಲಾಸ್ಟರಿನ ಒಳಗ ತಿಂಡಿ ಭಾಳ, ಜ್ವಾಳದ ದಂಟು ಹಾಕಿ ಕೆರಕೋಬೇಕು ಅನಸ್ತದ.

ರವಿವಾರ ಬರಬ್ಯಾಡ್ರಿ. ಗಿರಿಜಾಬಾಯಿದು ಒಂದೇ ಖೋಲಿ, ಗಂಡಸರು ಬಂದ್ರ ಕುಂಡ್ರಾಕ ಜಾಗಾ ಇಲ್ಲ. ಪ್ಲಾಸ್ಟರ್ ಬಿಚ್ಚಿದ ಮ್ಯಾಲ ವ್ಯಾಯಾಮ ಅದ, ಅದು ಎರಡು ತಿಂಗಳದ್ದು. ಆಮ್ಯಾಲ ನಾನೇ ಬರ್ತೀನಿ.

ಹಿಟ್ಟಿಗಿ ಕುದಿಯೂ ನೀರು ಹಾಕ್ರಿ, ರೊಟ್ಟಿ ಹರಿಯಂಗಿಲ್ಲ.

ಅಕ್ಕನಾಗಮ್ಮ


ಕುರನೂರ
24 ಡಿಸೆಂಬರ್ 2023

ಅಕ್ಕನಾಗಮ್ಮಗ,

ಬರಬ್ಯಾಡ್ರಿ ಅಂದಿ, ಬರಲಿಲ್ಲ. ನಾ ಬಂದ್ರ ಅಲ್ಲಿ ಯಾರ ಮುಂದ ನಿನಗ ನಾಚಿಕಿ ಆಗ್ತದ ಅಂತ ಮಾತ್ರ ತಿಳೀಲಿಲ್ಲ. ನಾ ಏನು ಹೊಲಸ ಧೋತರ ಉಟ್ಟು ಬರ್ತಿದ್ನೇನು?

ಕುದಿಯೂ ನೀರು ಹಾಕಿದೆ. ರೊಟ್ಟಿ ಹರೀಲಿಲ್ಲ, ಆದ್ರ ಬ್ಯಾರೆ ಚೇಷ್ಟೆ ಆತು. ಮೊನ್ನೆ ಮಂಗಳವಾರ ರೊಟ್ಟಿ ಹೊರಳಸಾಕ ಹೋಗಿ ಕೈ ಹಂಚಿನ ಅಂಚಿಗಿ ಇಟ್ಟೀನಿ, ನನಗ ಖಬರೇ ಇಲ್ಲ. ಸ್ನೇಹಲ "ಅಪ್ಪಾ, ಸುಟ್ಟ ವಾಸ ಬರಾಕತ್ತದ" ಅಂತ ಓಡಿ ಬಂದ್ಳು. ನೋಡಿದ್ರ ಎಡಗೈ ಕಿರಿಬೆರಳು, ಅದರ ಕೆಳಗಿನ ಅಂಗೈ ಬಾಜೂ, ಎಲ್ಲಾ ಬೊಬ್ಬಿ. ಮಜಾ ಏನಂದ್ರ ಒಂದು ಚೂರೂ ಉರೀಲಿಲ್ಲ. ಸ್ನೇಹಲ ಅಳಾಕತ್ಳು, ನಾ ನಗಾಕತ್ತೆ. ದುಡಿಯೂ ಕೈ, ತೊಗಲ ಎತ್ತಿನ ತೊಗಲ ಆಗ್ಯದ ಅಂತ ಅಂದೆ. ಹೆಂಡ್ತಿ ಇಲ್ಲದ ಮನ್ಯಾಗ ದೇವರು ಗಂಡಸಿಗಿ ಉರಿನೂ ಕಮ್ಮಿ ಮಾಡ್ತಾನೋ ಏನೋ.

ಹಿಂದಿನ ಹೊಲದಾಗ ಜ್ವಾಳ ತೆನಿ ಹಿಡದದ. ಹಸೀ ತೆನಿ ಸುಟ್ಟು ಸೀತನಿ ತಿನ್ನಾಕ ಬರ್ತಿ ಅಂದಿದ್ದಿ, ಬರಂಗಿಲ್ಲ ಅಂತ ಕಾಣ್ತದ.

ಕಲ್ಲಣ್ಣ


ಸೋಲಾಪುರ
2 ಜನವರಿ 2024

ಸ್ನೇಹಲನ ಅಪ್ಪಗ ಶರಣು.

ಮೊದಲ ಬೆರಳಿನ ಸುದ್ದಿ. ಬೊಬ್ಬಿ ಒಡೀಬ್ಯಾಡ್ರಿ. ಎಡಗೈಲೆ ಬಿಸಿ ಏನೂ ಹಿಡೀಬ್ಯಾಡ್ರಿ, ಚಾ ಗಿಲಾಸನೂ ಬ್ಯಾಡ. ಕಿರಿಬೆರಳಿನ ಮಗ್ಗಲಿಂದೂ ಹಂಗೇ ಅದ ಏನು, ಜುಮುಜುಮು ಅಂತದ ಏನು? ಮೈಮ್ಯಾಲ ಎಲ್ಲಾದ್ರೂ ಮಾಸಿದ ಬಣ್ಣದ ಮಚ್ಚಿ ಅದ ಏನು, ಮೊಣಕೈ ಹತ್ರ, ಬೆನ್ನಿಗಿ? ನಿಮಗ ಬೆನ್ನು ಕಾಣಂಗಿಲ್ಲ, ಕನ್ನಡಿ ಹಿಡದು ನೋಡ್ರಿ. ಅಕ್ಕಲಕೋಟದ ಸರಕಾರಿ ದವಾಖಾನಿಗಿ ಹೋಗಿ "ಕೈ ಸುಟ್ರೂ ಗೊತ್ತಾಗ್ಲಿಲ್ಲ" ಅಂತ ಇಷ್ಟೇ ಹೇಳ್ರಿ. ಅವರು ತಿಳ್ಕೋತಾರ. ಈ ವಾರಾನೇ ಹೋಗ್ರಿ.

ಇಲ್ಲಿ ಪ್ಲಾಸ್ಟರ್ ಬಿಚ್ಯಾರ. ಕಾಲು ಬ್ಯಾರೇದವರದು ಅನ್ನೂವಂಗ ಸಣ್ಣಗ ಆಗ್ಯದ. ಸೋನಾಲಿ ಅಂತ ವ್ಯಾಯಾಮ ಮಾಡ್ಸಾಕಿ ಅದಾಳ. ಮರಾಠಿ ಹುಡುಗಿ, "ಪಾಯ ಆತ ವಳವಾ ಕಾಕೂ" ಅಂತಾಳ. ಪಾದ ಒಳಗ ಹೊರಳಸು ಅಂತ. ಯಾಕವಾ ಒಳಗ, ನನಗ ಮ್ಯಾಲ ಎತ್ತೂದದ ಅಂದೆ. ಮ್ಯಾಲ ಅಂತ ನೆನಸಬ್ಯಾಡ, ಒಳಗ ಅಂತ ನೆನಸು, ಆ ಹುರಿಗಿ ತನ್ನ ಹಳೇ ಕೆಲಸ ಅಷ್ಟೇ ಗೊತ್ತದ, ಒಳಗ ಅಂದ್ರ ಅದು ಎಳೀತದ, ಎಳೆದ್ರ ಪಾದ ಮ್ಯಾಲ ಬರ್ತದ ಅಂದ್ಳು. ಐದು ದಿನ ಆತು. ಒಳಗ ಅಂದ್ರ ಬೆರಳು ಅಳ್ಳಾಡತಾವ. ಮ್ಯಾಲ ಅಂದ್ರ ಮೊಣಕಾಲು ಏಳ್ತದ. ಎರಡೂ ಬಿಟ್ಟು ಸುಮ್ನ ಕುಂತ್ರ ಪಾದ ತಾನೇ ಒಮ್ಮೆ ಜಿಗೀತದ. ನಾ ಹೇಳೂದು ಒಂದು, ಅದು ಕೇಳೂದು ಒಂದು. ನಿನ್ನೆ ಎಲ್ಲಾರ ಮುಂದ ಅತ್ತೆ.

ಕೈ ತೋರ್ಸಿ ಬಂದು ಪತ್ರಾ ಬರೀರಿ. ಮರೀಬ್ಯಾಡ್ರಿ.

ಅಕ್ಕನಾಗಮ್ಮ


ಕುರನೂರ
11 ಜನವರಿ 2024

ಅಕ್ಕನಾಗಮ್ಮ,

ನಾ ನಿನ್ನೆ ಸೋಲಾಪುರಕ್ಕ ಬಂದಿದ್ದೆ. ಹೇಳದೇ ಬಂದೆ. ಸೀತನಿ ಅರಬ್ಯಾಗ ಕಟಗೊಂಡು, ಮ್ಯಾಲ ಶೇಂಗಾ ಹಿಂಡಿ ಇಟಗೊಂಡು, ಒಂಬತ್ತರ ಗಾಡಿಗಿ ಹತ್ತಿದೆ.

ಗಿರಿಜಾಬಾಯಿ ಬಾಗಲಾ ತಗದು ನನ್ನ ನೋಡಿ ದೆವ್ವ ನೋಡಿದಂಗ ನಿಂತ್ಳು. "ಅಕ್ಕಾ ವ್ಯಾಯಾಮಕ್ಕ ಹೋಗ್ಯಾಳ, ಮಾಮಾ." ಕುಂತೆ. ಚಾ ಕೊಟ್ಳು. ಒಂದು ತಾಸು ಆತು, ಎರಡು ತಾಸು ಆತು. ಮನಿ ಸುತ್ತೆಲ್ಲಾ ನೋಡಿದೆ. ನಿನ್ನ ಸೀರಿ ಇಲ್ಲ, ನಿನ್ನ ಹಣಿಗಿ ಇಲ್ಲ. "ಯಾವ ದವಾಖಾನಿ, ನಾನೇ ಹೋಗ್ತೀನಿ" ಅಂದೆ. ಅಕಿ ಸೆರಗಿನ ತುದಿ ತಿರವ್ಯಾಡಕೋತ "ನನಗ ಹೆಸರು ನೆನಪಿಲ್ಲ" ಅಂದ್ಳು. ದಿನಾ ಹೋಗೂ ದವಾಖಾನಿ ಹೆಸರು ನೆನಪಿಲ್ಲ! ಆವಾಗ ಹೊಳೀತು. "ಪತ್ರಾ ಗಿರಿಜಾಬಾಯಿ ತಂದು ಕೊಟ್ಳು" ಅಂತ ನೀನೇ ಬರದಿದ್ದಿ. ಒಂದೇ ಖೋಲಿಯಾಗ ಇದ್ರ ತಂದು ಕೊಡೂದು ಏನದ?

ಸೀತನಿ ಅಲ್ಲೇ ಬಿಟ್ಟು ಬಂದೀನಿ. ಬಸ್ಸಿನಾಗ ಅಕ್ಕಲಕೋಟಕ್ಕ ಇಳಿಯೂದು ತಪ್ಪಿ ಮುಂದ ಹೋಗಿ ಪರತ ನಡಕೋತ ಬಂದೆ.

ನೀ ಎಲ್ಲಿದ್ದಿ? ನಿನ್ನ ಇಡೀ ಕಾಲು ಎಲ್ಲದ ಅಂತ ನನಗ ಹೇಳಂಗಿಲ್ಲ, ನನ್ನ ಬೆರಳಿನ ಸುದ್ದಿ ಮಾತ್ರ ಕೇಳ್ತಿ. ಕನ್ನಡಿ ಹಿಡದು ಬೆನ್ನು ನೋಡಕೋ ಅಂತಿ. ಚೇಷ್ಟೆ ಮಾಡ್ತಿಯೇನು? ನಾ ಯಾವ ದವಾಖಾನಿಗೂ ಹೋಗಂಗಿಲ್ಲ. ಮನಿಗಿ ಬರೂ ಮನಸಿಲ್ಲಂದ್ರ ಅಷ್ಟು ಬರಿ, ಸಾಕು.

ಕಲ್ಲಣ್ಣ


ಸೋಲಾಪುರ
17 ಜನವರಿ 2024

ಸ್ನೇಹಲನ ಅಪ್ಪಗ,

ಮಗಳು ಮನ್ಯಾಗ ಇಲ್ಲದಾಗ ಓದ್ರಿ. ಕುಂತು ಓದ್ರಿ.

ಬಾವಿ ಮೆಟ್ಲ ಮ್ಯಾಲ ನಾ ಬಿದ್ದದ್ದು ಖರೆ. ಬಿದ್ದದ್ದಕ್ಕ ಪಾದ ಸತ್ತದ್ದು ಖರೆ ಅಲ್ಲ. ಪಾದ ಮೊದಲೇ ಸತ್ತಿತ್ತು, ಅದಕ್ಕ ಬಿದ್ದೆ.

ನನಗ ಕುಷ್ಠ ಆಗಿತ್ತು.

ಮೊಣಕಾಲಿನ ಹಿಂದ ಒಂದು ಮಚ್ಚಿ ಇತ್ತು, ರೂಪಾಯಿಯಷ್ಟು ಅಗಲ. ಮುಟ್ಟಿದ್ರ ತಿಳೀತಿರ್ಲಿಲ್ಲ. ನಮ್ಮೂರ ಆಶಾ ಕಾರ್ಯಕರ್ತಿ ನೀಲಾಬಾಯಿ ನೋಡಿ ದವಾಖಾನಿಗಿ ಕರಕೊಂಡು ಹೋದ್ಳು. ಅಷ್ಟರಾಗ ಕಾಲಿನ ನರ ಹೋಗಿತ್ತು. ಒಂದು ವರ್ಷ ಗೋಳಿ ನುಂಗಿದೆ. ರಕ್ತದ ಗೋಳಿ ಅಂತ ನಿಮಗ ಹೇಳಿದೆ. ಆ ಗೋಳಿಗಿ ಮೈ ಕಪ್ಪಾತು, ನೀವು ಕಬ್ಬಿನಾಗ ದುಡದು ಬಿಸಲಿಗಿ ಕರ್ರಗಾದಿ ಅಂತ ಅಕ್ಕಲಕೋಟದಿಂದ ಟೊಪ್ಪಿಗಿ ತಂದು ಕೊಟ್ರಿ. ಅವತ್ತು ಹೇಳಬೇಕು ಅಂತ ಬಾಯಿ ತನಕಾ ಬಂದಿತ್ತು. ಟೊಪ್ಪಿಗಿ ಹಾಕ್ಕೊಂಡು ಹೊಲಕ್ಕ ಹೋದೆ.

ರೋಗ ಪೂರಾ ಹೋತು, ಡಾಕ್ಟರ್ ಬರದು ಕೊಟ್ಟಾರ. ಗೋಳಿ ಸುರು ಆದ ಮ್ಯಾಲ ಅದು ಯಾರಿಗೂ ಹತ್ತಂಗಿಲ್ಲ. ಕಾಲು ಮಾತ್ರ ಉಳೀತು. ಈಗ ಅದನ್ನ ರಿಪೇರಿ ಮಾಡ್ತಾರ ಅಂತ ನೀಲಾಬಾಯಿನೇ ಈ ದವಾಖಾನಿ ತೋರ್ಸಿದ್ಳು. ನಾ ಇಲ್ಲೇ ವಾರ್ಡಿನಾಗ ಇದೀನಿ. ಬಾಗಲ ಮ್ಯಾಲ ರೋಗದ ಹೆಸರು ದೊಡ್ಡದಾಗಿ ಬರದದ. ಅದಕ್ಕೇ ನೀವು ಬರೂದು ಬ್ಯಾಡಾಗಿತ್ತು. ನಿಮ್ಮ ಧೋತರಕ್ಕ ಅಲ್ಲ.

ಇದು ಅರ್ಧಾ. ಇನ್ನರ್ಧಾ ಇದಕ್ಕಿಂತ ಕಠಿಣ ಅದ. ಒಬ್ಬರಿಗಿ ರೋಗ ಅಂತ ಗೊತ್ತಾದ್ರ ಮನಿ ಮಂದಿನೆಲ್ಲಾ ನೋಡೂ ನಿಯಮ ಅದ. ತೊಗಲ ತಪಾಸಣಿ ಶಿಬಿರ ಅಂತಷ್ಟೇ ಹೇಳು ಅಂತ ನೀಲಾಬಾಯಿ ಕಾಲಿಗಿ ಬಿದ್ದೆ. ಸ್ನೇಹಲನ್ನ ನೋಡಿದ್ಳು, ಏನೂ ಇರ್ಲಿಲ್ಲ. ನಿಮ್ಮನ್ನ ನೋಡಾಕ ಎರಡು ಸರ್ತಿ ಬಂದ್ಳು. ನೀವು ಏನು, ಯಾಕ, ಯಾರಿಗಿ ಅಂತ ಕೇಳ್ತೀರಿ ಅಂತ ಅಂಜಿ, ಊರಾಗ ಇಲ್ಲ ಅಂತ ಎರಡೂ ಸರ್ತಿ ಪರತ ಕಳಿಸಿದೆ. ನೀವು ಹಿಂದ ಕೊಟ್ಟಿಗ್ಯಾಗ ಎಮ್ಮಿ ತೊಳೀತಿದ್ರಿ.

ನಿಮ್ಮ ಕೈ ಸುಟ್ಟು ಉರೀಲಿಲ್ಲ ಅಂತ ಓದಿದ ದಿನದಿಂದ ನಾ ಅದೇ ನೋಡಾಕತ್ತೀನಿ, ನೀಲಾಬಾಯಿ ಅಂಗಳ ದಾಟಿ ಹೋಗೂದು.

ನನ್ನ ಮ್ಯಾಲ ಸಿಟ್ಟು ಎಷ್ಟರ ಇರ್ಲಿ, ಕೈ ತೋರ್ಸ್ರಿ. ಹೊಸದಾಗಿ ಆಗಿದ್ರ ನರ ಉಳೀತದ. ನನ್ನಂಗ ತಡಾ ಮಾಡಬ್ಯಾಡ್ರಿ.

ಅಕ್ಕನಾಗಮ್ಮ


ಸೋಲಾಪುರ
31 ಜನವರಿ 2024

ಸ್ನೇಹಲನ ಅಪ್ಪಗ,

ಹದಿನಾಲ್ಕು ದಿನ ಆತು. ಫೋನ್ ಮಾಡಿದ್ರ ಸ್ನೇಹಲ "ಅಪ್ಪಾ ಹೊಲದಾಗ ಅದಾನ" ಅಂತಾಳ. ಮುಂಜಾನೆನೂ ಹೊಲ, ಸಂಜಿಗೂ ಹೊಲ. ಪತ್ರಾ ಮುಟ್ಟಿಲ್ಲೋ, ಮುಟ್ಟಿ ಒಲಿಗಿ ಹೋತೋ ತಿಳೀವಲ್ದು. ಯಾರದರ ಕೈಗಿ ಸಿಕ್ಕು ಓದ್ಸ್ಯಾರೇನೋ ಅಂತ ಅಂಜಿಕಿ. ಒಮ್ಮೊಮ್ಮೆ, ಸಿಗ್ಲಿ ಬಿಡು, ಯಾರರ ಓದಿ ನಿಮ್ಮನ್ನ ದವಾಖಾನಿಗಿ ಒಯ್ಲಿ ಅಂತನೂ ಅನಸ್ತದ.

ನಿನ್ನೆ ನನ್ನ ಪಾದ ಎದ್ದಿತು. ನಾ ಹೇಳಿದಾಗ ಎದ್ದಿತು, ತಾನಾಗಿ ಅಲ್ಲ. ಸೋನಾಲಿ ಚಪ್ಪಾಳಿ ಹೊಡದ್ಳು. ಇಡೀ ವಾರ್ಡು ನಕ್ಕಿತು. ನಾನೂ ನಕ್ಕೆ, ಆಮ್ಯಾಲ ಯಾಕ ನಕ್ಕೆ ಅನಸಿತು.

ಒಂದೇ ಮಾತು ಬರೀರಿ. ಹೋಗಿದ್ರೋ ಇಲ್ಲೋ.

ಅಕ್ಕನಾಗಮ್ಮ


ಕುರನೂರ
9 ಫೆಬ್ರವರಿ 2024

ಅಕ್ಕನಾಗಮ್ಮ,

ಹೋಗಿದ್ದೆ.

ಪತ್ರಾ ಓದಿ ಎಂಟು ದಿನ ದವಾಖಾನಿ ಕಡೆ ಹೋಗ್ಲಿಲ್ಲ. ಜ್ವಾಳದ ಕಣಜದಾಗ ಇಟ್ಟೆ, ತಗದೆ, ಓದಿದೆ, ಪರತ ಇಟ್ಟೆ. ಮೊದಲ ನಿನ್ನ ಮ್ಯಾಲ ಸಿಟ್ಟು ಬಂತು. ಆಮ್ಯಾಲ ಕೈ ನೋಡಕೊಂಡು ಅಂಜಿಕಿ ಬಂತು. ಅಂಜಿಕಿ ಬಂದಾಗ ಸಿಟ್ಟು ಎಲ್ಲಿ ಹೋತು ಅಂತ ಹುಡುಕ್ಯಾಡಿದೆ. ಬೊಬ್ಬಿ ಒಡದು ಹುಣ್ಣಾಗಿತ್ತು, ಅದೂ ನೋಯ್ತಿರ್ಲಿಲ್ಲ.

ಡಾಕ್ಟರ್ ಸಣ್ಣ ವಯಸ್ಸಿನವ. ಕಣ್ಣು ಮುಚ್ರಿ, ಪೆನ್ನಿನ ತುದಿ ಮುಟ್ಟಸ್ತೀನಿ, ಮುಟ್ಟಿದಲ್ಲಿ ಬೆರಳು ಇಟ್ಟು ತೋರ್ಸ್ರಿ ಅಂದ. ಹೆಬ್ಬಟ್ಟು ತೋರ್ಸಿದೆ, ನಡುಬೆರಳು ತೋರ್ಸಿದೆ. ಆಮ್ಯಾಲ ಸುಮ್ನ ಕುಂತ. ನಾನೂ ಸುಮ್ನ ಕುಂತೆ. "ಮುಂದ ಮುಟ್ಟಸ್ರಿ ಸಾಹೇಬ್ರ" ಅಂದೆ.

"ಆರು ಸರ್ತಿ ಮುಟ್ಟೀನಿ ಕಾಕಾ" ಅಂದ.

ಮೊಣಕೈ ಹಿಂದ ಒತ್ತಿದ, ಅಲ್ಲಿ ನರ ದಪ್ಪ ಆಗ್ಯದಂತ. ಅಲ್ಲಿ ಮಾತ್ರ ಜೀವಾ ಹೋಗೂವಂಗ ನೋವಾತು. ಬೆನ್ನಿಗಿ ಮೂರು ಮಚ್ಚಿ. ಅದೇ ಬ್ಯಾನಿ. ಒಂದು ವರ್ಷದ ಗೋಳಿ, ನರಕ್ಕ ಬ್ಯಾರೆ ಗೋಳಿ. ಹೊಸಾದು, ಸ್ಪರ್ಶ ಪರತ ಬರಬಹುದು, ಇನ್ನ ಆರು ತಿಂಗಳು ಬಿಟ್ಟಿದ್ರ ಬೆರಳು ಮಡಚಿ ಹೋಗ್ತಿದ್ವು ಅಂದ. "ನನ್ನ ಹೆಂಡ್ತಿಯಿಂದ ಬಂತೇನ್ರಿ?" ಅಂತ ಕೇಳಿದೆ. "ಅಕಿಯಿಂದ ಬಂದಿರಬಹುದು, ಅಕಿಗಿ ಕೊಟ್ಟವರಿಂದನೇ ನಿಮಗೂ ಬಂದಿರಬಹುದು. ಅದು ಯಾರಿಗೂ ಗೊತ್ತಾಗಂಗಿಲ್ಲ" ಅಂದ.

ಕೇಳು, ನನಗ ರೋಗದ ಸಿಟ್ಟಿಲ್ಲ. ಆರು ವರ್ಷ ಒಂದೇ ತಾಟಿನಾಗ ಉಂಡು, ನನ್ನ ಪರಕೀ ಮನಶ್ಯಾ ಮಾಡಿದಿ. ನಾ ಏನು ನಿನ್ನ ಹೊರಗ ಹಾಕ್ತಿದ್ನೇನು? ಹಂಗ ತಿಳಕೊಂಡಿದ್ದಿ ನನ್ನ?

ಕಲ್ಲಣ್ಣ


ಸೋಲಾಪುರ
15 ಫೆಬ್ರವರಿ 2024

ಸ್ನೇಹಲನ ಅಪ್ಪಗ ಶರಣು.

ಗೋಳಿ ತಪ್ಪಸಬ್ಯಾಡ್ರಿ. ಮೂತ್ರ ಕೆಂಪು ಹೋಗ್ತದ, ಅಂಜಬ್ಯಾಡ್ರಿ. ಕೈ ದಿನಾ ನೀರಾಗ ನೆನಸಿ ಎಣ್ಣಿ ಹಚ್ರಿ.

ಕೇಳೀರಿ, ಅದಕ್ಕ ಹೇಳ್ತೀನಿ. ನಿಮ್ಮ ಕಾಕಾನ ಮಗ ಶಿವಶರಣಗ ಇದೇ ಬ್ಯಾನಿ ಆದಾಗ ಅಂವ ನಮ್ಮ ಮನಿಗಿ ಬರೂದು ಬಿಟ್ಟಿರ್ಲಿಲ್ಲ. ನೀವೇ ಒಂದು ಕಪ್ಪು ತಗದು ಹೊರಗಿನ ಗ್ವಾಡಿ ಮಾಡದಾಗ ಇಟ್ರಿ. "ಅವನ್ದು ಇದರಾಗ ಹಾಕು" ಅಂದ್ರಿ. ಕೆಟ್ಟ ಮನಸ್ಸಿಂದ ಅನ್ಲಿಲ್ಲ, ಮಳಿ ಬರ್ತದ ಅರಬಿ ತಗಿ ಅಂದಂಗ ಅಂದ್ರಿ. ನಾ ಎರಡು ವರ್ಷ ಅದರಾಗೇ ಚಾ ಹಾಕಿ ಕೊಟ್ಟೆ. ಅಂವ ಕುಡದು ತಾನೇ ತೊಳದು ಇಡ್ತಿದ್ದ. ಆಮ್ಯಾಲ ಕಂದಲಗಾಂವಕ್ಕ ಮಾವನ ಮನಿಗಿ ಹೋಗಿ ಉಳದ. ಮುಂದ ನನಗ ಮಚ್ಚಿ ಬಂದಾಗ ನನ್ನ ಕಣ್ಣಿಗಿ ಬಂದದ್ದು ಆ ಕಪ್ಪು. ನೀವು ನನ್ನ ಹೊರಗ ಹಾಕ್ತಿರ್ಲಿಲ್ಲ. ಅದು ನನಗ ಗೊತ್ತಿತ್ತು. ನನಗೂ ಒಂದು ಕಪ್ಪು ಇಡ್ತೀರೇನೋ ಅಂತ ಅಂಜಿದ್ದೆ.

ನನ್ನ ತಪ್ಪು ಇದರಿಂದ ಸಣ್ಣದು ಆಗಂಗಿಲ್ಲ. ನಿಮ್ಮ ಬೆರಳು ನನ್ನ ಅಂಜಿಕಿಗಿ ಸುಟ್ಟಾವ.

ಈಗ ಕಟ್ಟಗಿ ಹಿಡಕೊಂಡು ನಡೀತೀನಿ. ಹಿಮ್ಮಡ ಮೊದಲ ಊರಬೇಕು, ಬೆರಳು ಆಮ್ಯಾಲ. ಆರು ವರ್ಷ ಉಲ್ಟಾ ನಡದ ರೂಢಿ, ಗಡಬಡಿಸಿದ್ರ ಪಾದ ಮರೀತದ. ಹೊಲಿದ ಹುರಿ ಬಿಚ್ಚಿ ಹೋಗಬಾರದು ಅಂತ ಮಲಗುವಾಗ ಪಟ್ಟಿ ಕಟ್ಟಬೇಕು, ಇನ್ನ ಮೂರು ತಿಂಗಳು ಹೊಲದ ಕೆಲಸ ಇಲ್ಲ.

ಮಾರ್ಚ್ ಎರಡಕ್ಕ ಬಿಡ್ತಾರ. ಮನಿಗಿ ಬರ್ಲೋ, ಗಿರಿಜಾಬಾಯಿ ಕಡೆ ಇರ್ಲೋ? ಸ್ನೇಹಲಗ ಏನ ಹೇಳೂದು, ಹೇಳೂದೋ ಬ್ಯಾಡೋ? ನನಗ ಒಂದೂ ತೋಚವಲ್ದು. ಈ ಸರ್ತಿ ನೀವೇ ಹೇಳ್ರಿ.

ಅಕ್ಕನಾಗಮ್ಮ


ಕುರನೂರ
23 ಫೆಬ್ರವರಿ 2024

ಅಕ್ಕನಾಗಮ್ಮಗ,

ಕಪ್ಪು ನನಗ ನೆನಪೇ ಇರ್ಲಿಲ್ಲ. ನಿನ್ನ ಪತ್ರಾ ಓದಿ ಅಂಗಳಕ್ಕ ಹೋಗಿ ಮಾಡ ನೋಡಿದೆ, ಅಲ್ಲಿ ಈಗ ಎಮ್ಮಿ ಔಷಧದ ಬಾಟ್ಲಿ ಅದ. ನೆನಪಿಲ್ಲದ್ದೇ ಹೆಚ್ಚು ಮನಸಿಗಿ ಹತ್ತಿತು. ಮಂಗಳವಾರ ಕಂದಲಗಾಂವಕ್ಕ ಹೋಗಿ ಬಂದೆ. ಶಿವಶರಣ "ಯಾಕ ಬಂದಿ ಅಣ್ಣಾ" ಅಂದ. ಕೈ ಮುಂದ ಮಾಡಿದೆ. ನೋಡಿದ, ಹೊಳ್ಳಿಸಿ ನೋಡಿದ, "ಗೋಳಿ ಸುರು ಮಾಡಿದಿಯೇನು" ಅಂತ ಕೇಳಿದ. ನಾ ಮಾಫಿ ಕೇಳಬೇಕು ಅಂತ ಹೋಗಿದ್ದೆ, ಬಾಯಿ ಬರ್ಲಿಲ್ಲ. ಅಂವ ಕೇಳಲೂ ಇಲ್ಲ.

ಸ್ನೇಹಲಗ ನಾ ಹೇಳೀನಿ. ನಿನ್ನ ಕೇಳದೇ ಹೇಳಿದೆ, ಬೈಯೂದಿದ್ರ ಬೈ. ಬುಧವಾರ ಕಾಲೇಜಿನಿಂದ ಬಂದು ಉಣಾಕ ಕುಂತಿದ್ಳು. ನಿಂದೂ ಹೇಳಿದೆ, ನಂದೂ ಹೇಳಿದೆ. ತುತ್ತು ಕೈಯಾಗೇ ಉಳೀತು. "ಅವ್ವ ಇಷ್ಟು ದಿನ ಇದನ್ನೆಲ್ಲಾ ಯಾರ ಜೋಡಿ ಮಾತಾಡ್ತಿದ್ಳು?" ಅಂತ ಕೇಳಿದ್ಳು. ಯಾರ ಜೋಡಿನೂ ಇಲ್ಲ ಅಂದೆ. ತಾಟು ಸರಿಸಿ ಎದ್ದು ಹೋದ್ಳು. ಮರುದಿನ ಮುಂಜಾನೆ ತಾನೇ ನನ್ನ ಜೋಡಿ ದವಾಖಾನಿಗಿ ಬಂದ್ಳು. ಮೈಯೆಲ್ಲಾ ನೋಡ್ಯಾರ, ಏನೂ ಇಲ್ಲ, ಹತ್ತಬಾರದು ಅಂತ ಒಂದು ಗೋಳಿ ನುಂಗಸ್ಯಾರ. ಬಸ್ಸಿನಾಗ ಕಿಡಕಿ ಕಡೆ ಮಾರಿ ಮಾಡಿ ಕುಂತ್ಳು. ಸಿಟ್ಟೋ, ಅಂಜಿಕಿಯೋ, ನನಗ ತಿಳೀಲಿಲ್ಲ.

ನಂದೂ ಸಿಟ್ಟು ಪೂರಾ ಇಳದಿಲ್ಲ. ಅದನ್ನ ಇಟಗೊಂಡೇ ಬರೀತೀನಿ. ಎರಡನೇ ತಾರೀಖಿಗಿ ನಾ ವಾರ್ಡಿನ ಬಾಗಲಿಗೇ ಬರ್ತೀನಿ, ಮ್ಯಾಲ ಏನರ ಬರದಿರ್ಲಿ. ಮನಿಗಿ ಬಾ.

ಇವತ್ತು ಒಂದು ಕಂಡೆ, ಅದನ್ನ ಬರದು ಮುಗಸ್ತೀನಿ. ಕಾಲೇಜಿಗಿ ಹೋಗೂ ಮೊದಲ ಸ್ನೇಹಲ ನಿನ್ನ ಹಾಸಿಗಿ, ಕೌದಿ ಎಲ್ಲಾ ಹೊರಗ ತಂದು ಬಿಸಲಿಗಿ ಹಾಕಿದ್ಳು. ನೀ ಬರ್ತಿ ಅಂತ ಹಾಕ್ಯಾಳೋ, ರೋಗದ ಹಾಸಿಗಿ ಅಂತ ಹೊರಗ ಹಾಕ್ಯಾಳೋ? ಕೇಳಬೇಕು ಅಂದ್ರ ಧೈರ್ಯ ಆಗ್ಲಿಲ್ಲ. ಇಡೀ ದಿನ ಹೊಲಕ್ಕ ಹೋಗದೇ ಅದನ್ನೇ ನೋಡಕೋತ ಕಟ್ಟಿ ಮ್ಯಾಲ ಕುಂತೆ. ಸಂಜಿಮುಂದ ಬಂದ್ಳು. ಕೌದಿ ಝಾಡಿಸಿ, ಹಾಸಿಗಿ ಹೆಗಲ ಮ್ಯಾಲ ಹೊತ್ತು ಒಳಗ ಒಯ್ದು, ತನ್ನ ಹಾಸಿಗಿ ಮಗ್ಗಲಕ್ಕ ಹಾಸಿ, ಪುಸ್ತಕ ಹಿಡಕೊಂಡು ಅದರ ಮ್ಯಾಲೇ ಅಭ್ಯಾಸಕ್ಕ ಕುಂತ್ಳು.

ಕಲ್ಲಣ್ಣ